ಹಾಡುವವನಿಗೇ ಕೇಳಿಸದ ಹಾಡು

ಬಹಳ ದಿನಗಳಾಯ್ತು ಇಲ್ಲಿ ಏನೂ ಬರೆಯದೆ. ಕೆಲಸ, ಮನೆ, ಮಗಳ ಪರೀಕ್ಷೆ ಅಂತ ನೆಪಗಳು ಇದ್ದೇ ಇವೆ. ಆದರೆ ಕೆಲವು ತಿಂಗಳಿಂದ ತಲೆಯಲ್ಲಿ ಕೂತು ಕೊರೀತಿರೋ ವಿಷಯ ಒಂದಿದೆ, ಇವತ್ತು ಬರೆದೇ ಬಿಡ್ತೀನಿ. ಸ್ವಲ್ಪ ಉದ್ದ ಆಗುತ್ತೆ, ನಡುವೆ ಒಂದಿಷ್ಟು ವೈರು, ಬಟನ್ನುಗಳ ಮಾತೂ ಬರುತ್ತೆ. ಸಹಿಸಿಕೊಳ್ಳಿ :-)

ವಿಷಯ ಶುರುವಾಗಿದ್ದು ನಮ್ಮ ದೊಡ್ಡಪ್ಪನಿಂದ.

ದೊಡ್ಡಪ್ಪ ಬ್ಯಾಡಗಿ ಹತ್ತಿರದ ಒಂದು ಹಳ್ಳಿಯವರು. ಮೆಣಸಿನಕಾಯಿ ಬೆಳೆದು, ಮಾರಿ, ಮಕ್ಕಳನ್ನು ಓದಿಸಿದವರು. ಎಪ್ಪತ್ತು ದಾಟಿದೆ. ಊರಿನ ಭಜನಾ ಮೇಳದಲ್ಲಿ ಸಣ್ಣ ಹುಡುಗ ಇದ್ದಾಗಿಂದ ತತ್ವಪದ ಹಾಡ್ತಾ ಬಂದಿದ್ದಾರೆ. ಗುಡಿ ಕಟ್ಟೆಯ ಮೇಲೆ ಒಂದು ಏಕತಾರಿ, ಒಂದು ಪೆಟ್ಟಿಗೆ (ಹಾರ್ಮೋನಿಯಂಗೆ ನಮ್ಮ ಕಡೆ ಹಾಗೇ ಅನ್ನೋದು), ದಮ್ಮಡಿ, ತಾಳ. ಅಷ್ಟೇ. ಮೈಕು ಇಲ್ಲ, ಲೈಟೂ ಅಷ್ಟಕ್ಕಷ್ಟೆ. ಆದರೂ ಊರಿನ ಆ ತುದಿಯಲ್ಲಿ ದನ ಕಟ್ಟುವವನಿಗೂ ಅವರ ಶರೀಫರ ಪದ ಕೇಳಿಸ್ತಿತ್ತು. ನಾನು ಚಿಕ್ಕವನಿದ್ದಾಗ ರಜೆಗೆ ಹೋದ್ರೆ ಆ ಪದ ಕೇಳ್ತಾ ಕೇಳ್ತಾನೇ ಅಲ್ಲೇ ಕಂಬಳಿ ಮೇಲೆ ಮಲಗಿಬಿಡ್ತಿದ್ದೆ.

ಹೋದ ವರ್ಷ ಪಕ್ಕದ ಊರಿನ ಜಾತ್ರೆಗೆ ಅವರ ಮೇಳಕ್ಕೆ ಕರೆ ಬಂತು. ದೊಡ್ಡ ಸ್ಟೇಜು, ಎರಡೂ ಕಡೆ ಆಳೆತ್ತರ ಬಾಕ್ಸುಗಳು, ಬಣ್ಣದ ಲೈಟು. ನಾನೂ ಹಾವೇರಿಯಿಂದ ಬೈಕ್ ಹತ್ತಿ ಹೋಗಿದ್ದೆ. ಮೊದಲ ಪದ ಹೆಂಗೋ ಮುಗೀತು. ಎರಡನೇ ಪದದ ನಡುವೆ ದೊಡ್ಡಪ್ಪ ಹಾಡೋದು ನಿಲ್ಲಿಸಿದ್ರು. ಏಕತಾರಿ ಪಕ್ಕದವರ ಕೈಗೆ ಕೊಟ್ರು. ಎದ್ದು ಮೆಟ್ಟಿಲಿಳಿದು ಬಂದೇ ಬಿಟ್ರು. ಏನೋ ಆರಾಮಿಲ್ಲ ಅಂದ್ಕೊಂಡು ನಾನು ನೀರಿನ ಬಾಟ್ಲಿ ಹಿಡ್ಕೊಂಡು ಓಡಿದೆ.

"ಯಾಕ ದೊಡ್ಡಪ್ಪಾ, ಎದ್ದ ಬಂದ್ರಿ?"

"ನಂಗ ನನ್ನ ದನೀನ ಕೇಳವಲ್ದೋ ತಮ್ಮಾ. ಶ್ರುತಿ ಎಲ್ಲೈತಿ ಅಂತ ತಿಳೀವಲ್ದು. ಹಂಗ ಒದರಾಕ ನಾ ಏನ್ ಸಂತ್ಯಾಗ ಉಳ್ಳಾಗಡ್ಡಿ ಮಾರಾಕ ಬಂದೇನೇನು?"

ನಗು ಬಂತು. ಆದ್ರೆ ಅವರ ಮುಖ ನೋಡಿ ನಗಲಿಲ್ಲ. ಆಮೇಲೆ ಮೇಳದ ಹುಡುಗರು "ಅಜ್ಜಗ ವಯಸ್ಸಾತು, ಕಿವಿ ಮಂದ ಆಗ್ಯಾವ" ಅಂತ ಮಾತಾಡಿಕೊಂಡ್ರು. ದೊಡ್ಡಪ್ಪನೂ ಅದನ್ನೇ ನಂಬಿಬಿಟ್ರು. ಇನ್ನು ಸ್ಟೇಜಿನ ಉಸಾಬರಿ ಬ್ಯಾಡ ಅಂತ ಏಕತಾರಿಯನ್ನ ಗೋಡೆಗೆ ನೇತುಹಾಕಿದ್ರು.

ನನಗೆ ಮಾತ್ರ ಅದು ವಯಸ್ಸಿನ ತೊಂದರೆ ಅಲ್ಲ ಅಂತ ಅವತ್ತೇ ಗೊತ್ತಿತ್ತು. ಯಾಕಂದ್ರೆ ಅವತ್ತು ಕಾರ್ಯಕ್ರಮ ಮುಗಿದ ಮೇಲೆ ನಾನು ಮಿಕ್ಸರ್ ಬೋರ್ಡಿನ ಹತ್ತಿರ ಹೋಗಿ ನೋಡಿದ್ದೆ.

*

ನನಗೂ ಈ ಬೋರ್ಡಿಗೂ ಏನು ಸಂಬಂಧ ಅಂತ ಕೇಳ್ತೀರಾ? ಪಿಯುಸಿ ರಜೆಯಲ್ಲಿ, ಡಿಗ್ರಿ ಓದುವಾಗ, ರಾಣೆಬೆನ್ನೂರಿನಲ್ಲಿ ಒಂದು ಮೈಕ್‌ಸೆಟ್ ಅಂಗಡಿಯಲ್ಲಿ ವೈರ್ ಸುತ್ತುವ ಕೆಲಸ ಮಾಡ್ತಿದ್ದೆ. ಮದುವೆ, ನಾಮಕರಣ, ಗಣಪತಿ, ಎಲೆಕ್ಷನ್ನು, ಎಲ್ಲದಕ್ಕೂ ಕಂಬ ಹತ್ತಿ ಹಾರ್ನ್ ಕಟ್ಟಿದ್ದೀನಿ. ಆಮೇಲೆ ನೌಕರಿ ಸಿಕ್ತು, ವೈರ್ ಬಿಟ್ಟೆ. ಆದರೆ ಹುಚ್ಚು ಬಿಡಲಿಲ್ಲ. ಈಗಲೂ ಯಾವ ಕಾರ್ಯಕ್ರಮಕ್ಕೆ ಹೋದ್ರೂ ಸ್ಟೇಜ್ ನೋಡೋಕೆ ಮೊದಲು ಬೋರ್ಡ್ ಎಲ್ಲಿದೆ ಅಂತ ಕಣ್ಣು ಹುಡುಕುತ್ತೆ. ಹೆಂಡತಿ ಬೈತಾಳೆ.

ಅವತ್ತಿನ ಬೋರ್ಡಿನಲ್ಲಿ ಹದಿನಾರು ಚಾನೆಲ್ ಇದ್ದವು. ಎಂಟು ಮೈಕು ಹಾಕಿದ್ರು. ಒಂದೊಂದು ಚಾನೆಲ್ಲಿಗೂ 'ಆಕ್ಸ್' ಅಂತ ಬರೆದ ತಿರುಗಣೆಗಳಿದ್ದವು. ಅವೆಲ್ಲಾ ಸೊನ್ನೆಯಲ್ಲಿದ್ದವು. ಒಂದೇ ಒಂದೂ ತಿರುಗಿರಲಿಲ್ಲ. ಹಾಡುವವರ ಮುಂದೆ ನೆಲದ ಮೇಲೆ, ಅವರ ಕಡೆ ಮುಖ ಮಾಡಿ ಇಡಬೇಕಾದ ಎರಡು ಮಾನಿಟರ್ ಬಾಕ್ಸುಗಳನ್ನೂ ಜನರ ಕಡೆಗೇ ತಿರುಗಿಸಿ ಇಟ್ಟಿದ್ರು. "ಸೌಂಡ್ ಹೆಚ್ಚಿಗಿ ಬರ್ಲಿ ಅಂತ ರೀ" ಅಂದ ಬೋರ್ಡಿನ ಹುಡುಗ.

ಅಂದ್ರೆ ಏನಾಯ್ತು? ಸಾವಿರ ಜನಕ್ಕೆ ದೊಡ್ಡಪ್ಪನ ದನಿ ಕೇಳಿಸ್ತಿತ್ತು. ದೊಡ್ಡಪ್ಪನಿಗೆ ಮಾತ್ರ ಕೇಳಿಸ್ತಿರಲಿಲ್ಲ! ಅವರ ಕಿವಿಗೆ ಬೀಳ್ತಿದ್ದದ್ದು ಬಾಕ್ಸಿನ ಹಿಂದಿನ ಗುಂಯ್‌ಗುಡುವ ಸದ್ದು ಮತ್ತೆ ಪಕ್ಕದವರ ದಮ್ಮಡಿ. ಅದರಲ್ಲಿ ಶ್ರುತಿ ಹುಡುಕೋದು ಹೆಂಗೆ?

*

ಈ ಬೋರ್ಡ್ ಹೇಗೆ ಕೆಲಸ ಮಾಡುತ್ತೆ ಅಂತ ಸ್ವಲ್ಪ ಹೇಳಿಬಿಡ್ತೀನಿ. ನೀರು ಹಾಯಿಸೋದು ಗೊತ್ತಿದ್ದವರಿಗೆ ಇದು ಗೊತ್ತಿದ್ದ ಹಾಗೇ.

ಒಂದೊಂದು ಮೈಕೂ ಒಂದೊಂದು ಬೋರ್‌ವೆಲ್ ಅಂದ್ಕೊಳ್ಳಿ. ಚಾನೆಲ್ಲಿನ ತಲೆಯ ಮೇಲಿರೋ 'ಗೇನ್' ಅನ್ನೋದು ಪಂಪು, ಎಷ್ಟು ನೀರು ಮೇಲಕ್ಕೆತ್ತಬೇಕು ಅಂತ ಅದು ನಿರ್ಧರಿಸುತ್ತೆ. ಕೆಳಗೆ ಜಾರಿಸುವ 'ಫೇಡರ್' ಇದೆಯಲ್ಲ, ಅದು ಗೇಟು. ಗೇಟು ದಾಟಿದ ನೀರೆಲ್ಲ ಸೇರಿ ದೊಡ್ಡ ಕಾಲುವೆಗೆ ಹೋಗುತ್ತೆ. ಆ ಕಾಲುವೆಯೇ ಜನರ ಕಡೆ ಮುಖ ಮಾಡಿದ ದೊಡ್ಡ ಬಾಕ್ಸುಗಳು.

ಆದರೆ ಬೋರ್ಡ್ ಮಾಡಿದವರು ದಡ್ಡರಲ್ಲ. ಮುಖ್ಯ ಕಾಲುವೆಯ ಜೊತೆಗೆ ಕವಲುಗಳನ್ನೂ ಕೊಟ್ಟಿದ್ದಾರೆ. ಅವೇ ಆಕ್ಸ್. ಒಂದೊಂದು ಬೋರ್‌ವೆಲ್ಲಿನಿಂದಲೂ ಎಷ್ಟು ನೀರು ಈ ಕವಲಿಗೆ ಹೋಗಬೇಕು ಅಂತ ಬೇರೆಯಾಗಿ ತಿರುಗಿಸಿಕೊಳ್ಳಬಹುದು. ಆ ಕವಲಿನ ತುದಿಗೆ ಹಾಡುವವರ ಮುಂದಿನ ಬಾಕ್ಸ್ ಜೋಡಿಸಿದ್ರೆ ಮುಗೀತು. ಅವರಿಗೆ ಬೇಕಾದ್ದು ಅವರಿಗೆ, ಜನರಿಗೆ ಬೇಕಾದ್ದು ಜನರಿಗೆ. ದೊಡ್ಡಪ್ಪನ ಬಾಕ್ಸಿಗೆ ಅವರ ದನಿ ಜಾಸ್ತಿ, ಪೆಟ್ಟಿಗೆ ಸ್ವಲ್ಪ, ತಾಳ ಬೇಡವೇ ಬೇಡ. ಜನರ ಕಾಲುವೆಯಲ್ಲಿ ಎಲ್ಲವೂ ಹದವಾಗಿ.

ಇಲ್ಲಿ ಒಂದು ಸೂಕ್ಷ್ಮ ಇದೆ. ಕವಲನ್ನ ಗೇಟಿಗಿಂತ ಮೊದಲು ಒಡೆಯಬೇಕಾ, ಗೇಟಿನ ನಂತರ ಒಡೆಯಬೇಕಾ? ಮೊದಲು ಒಡೆದರೆ 'ಪ್ರೀ-ಫೇಡರ್', ನಂತರ ಒಡೆದರೆ 'ಪೋಸ್ಟ್-ಫೇಡರ್'. ಹಾಡುವವರ ಬಾಕ್ಸಿಗೆ ಪ್ರೀ ಬೇಕು. ಯಾಕಂದ್ರೆ ಬೋರ್ಡಿನ ಹುಡುಗ ಜನರಿಗೋಸ್ಕರ ಗೇಟು ಏರಿಸಿ ಇಳಿಸಿ ಮಾಡ್ತಾನೇ ಇರ್ತಾನೆ. ಆ ಏರಿಳಿತ ಹಾಡುವವನ ಕಿವಿಗೆ ಬಡಿಯಬಾರದು. ಎಕೋಗೆ ಮಾತ್ರ ಪೋಸ್ಟ್ ಬೇಕು. ಇಲ್ಲಾಂದ್ರೆ ಗೇಟು ಪೂರ್ತಿ ಮುಚ್ಚಿದ್ರೂ ಎಕೋ ಮಾತ್ರ ದೆವ್ವದ ಹಾಗೆ ತೇಲಿ ಬರ್ತಾ ಇರುತ್ತೆ. (ನಮ್ಮ ಕಡೆ ಸ್ವಾಗತ ಭಾಷಣಕ್ಕೂ ಎಕೋ ಹಾಕ್ತಾರೆ. ಆ ಕಥೆ ಇನ್ನೊಮ್ಮೆ.)

ಇನ್ನು 'ಗ್ರೂಪ್' ಅಂತ ಇರುತ್ತೆ. ಹಿಮ್ಮೇಳದ ನಾಲ್ಕು ಮೈಕನ್ನೂ ಒಂದೇ ಕಾಲುವೆಗೆ ಹರಿಸಿ, ಒಂದೇ ಗೇಟಿನಿಂದ ಹಿಡಿತ ಮಾಡೋದು. ಪೂಜೆ, ಭಾಷಣ ನಡೆಯುವಾಗ ಆ ಒಂದು ಗೇಟು ಮುಚ್ಚಿದ್ರೆ ನಾಲ್ಕೂ ಮೈಕು ಸುಮ್ಮನಾಗ್ತವೆ.

ಇಷ್ಟೇ ಕಣ್ರೀ. ಇದಕ್ಕೆ ಇಂಜಿನಿಯರಿಂಗ್ ಓದಬೇಕಿಲ್ಲ. ತುಂಗಾ ಮೇಲ್ದಂಡೆ ಕಾಲುವೆಯ ನೀರು ಯಾವ ಹೊಲಕ್ಕೆ ಯಾವಾಗ ಅಂತ ಲೆಕ್ಕ ಹಾಕೋ ರೈತನಿಗೆ ಇದು ಹತ್ತು ನಿಮಿಷದ ಪಾಠ.

*

ನನ್ನ ವಾದ ಏನಂದ್ರೆ, ನಮ್ಮ ಊರುಗಳಲ್ಲಿ ನಾವು ದುಡ್ಡು ಸುರೀತಿರೋದು ತಪ್ಪು ಜಾಗಕ್ಕೆ. ಎಲ್ಲವೂ ಬಾಕ್ಸಿಗೆ, ವ್ಯಾಟಿಗೆ. ದನಿ ಎಲ್ಲಿಂದ ಎಲ್ಲಿಗೆ ಹೋಗಬೇಕು ಅನ್ನೋದಕ್ಕೆ ಒಂದು ಪೈಸೆಯೂ ಇಲ್ಲ, ಒಂದು ನಿಮಿಷವೂ ಇಲ್ಲ.

ಲೆಕ್ಕ ಹೇಳ್ತೀನಿ ನೋಡಿ. ಆಂಪ್ಲಿಫೈಯರ್ ಶಕ್ತಿಯನ್ನ ಎರಡು ಪಟ್ಟು ಮಾಡಿದ್ರೆ ಸದ್ದು ಏರೋದು ಬರೀ ೩ ಡೆಸಿಬೆಲ್. ಕಿವಿಗೆ "ಹ್ಞಾಂ, ಸ್ವಲ್ಪ ಜಾಸ್ತಿ ಆಯ್ತು" ಅನ್ನಿಸುತ್ತೆ, ಅಷ್ಟೇ. ಸದ್ದು ಎರಡು ಪಟ್ಟು ಆದ ಹಾಗೆ ಅನ್ನಿಸಬೇಕಾದ್ರೆ ಸುಮಾರು ೧೦ ಡೆಸಿಬೆಲ್ ಏರಬೇಕು, ಅದಕ್ಕೆ ಹತ್ತು ಪಟ್ಟು ಶಕ್ತಿ ಬೇಕು. ಅದೇ, ಒಂದಡಿ ದೂರದಲ್ಲಿದ್ದ ಮೈಕನ್ನ ಬಾಯಿಯಿಂದ ಅರ್ಧ ಅಡಿಗೆ ತಂದ್ರೆ? ೬ ಡೆಸಿಬೆಲ್ ಪುಕ್ಕಟೆ. ನಾಲ್ಕು ಪಟ್ಟು ವ್ಯಾಟಿಗೆ ಸಮ!

ಇನ್ನೊಂದು. ಎಂಟು ಮೈಕು ಒಟ್ಟಿಗೆ ತೆರೆದಿಟ್ರೆ, ಒಂದೇ ಮೈಕು ತೆರೆದಾಗಿನಕ್ಕಿಂತ ೯ ಡೆಸಿಬೆಲ್ ಮೊದಲೇ ಆ ಕುಂಯ್ಯೋ ಅನ್ನುವ ಕೂಗು ಶುರುವಾಗುತ್ತೆ. ಯಾಕಂದ್ರೆ ಬಾಕ್ಸಿನ ಸದ್ದು ಎಂಟು ಬಾಗಿಲಿನಿಂದ ವಾಪಸ್ ಒಳಗೆ ಬರ್ತಿರುತ್ತೆ. ಬಂದಿದ್ದು ಮತ್ತೆ ಬಾಕ್ಸಿಗೆ, ಬಾಕ್ಸಿನಿಂದ ಮತ್ತೆ ಮೈಕಿಗೆ. ಹಾಡದವರ ಮೈಕು ಮುಚ್ಚೋದು ಬಾಕ್ಸ್ ತರೋದಕ್ಕಿಂತ ಎಷ್ಟೋ ಅಗ್ಗದ ಕೆಲಸ. ಆದ್ರೆ ನಾವು ಏನ್ ಮಾಡ್ತೀವಿ? ಕೂಗು ಬಂದ ತಕ್ಷಣ ಎಲ್ಲರೂ ಹಿಂದಕ್ಕೆ ತಿರುಗಿ ಬೋರ್ಡಿನ ಹುಡುಗನನ್ನ ದುರುಗುಟ್ಟಿ ನೋಡ್ತೀವಿ. ಅವನು ಗಾಬರಿಯಾಗಿ ಎಲ್ಲವನ್ನೂ ಇಳಿಸ್ತಾನೆ. ಹಾಡುವವನು ಇನ್ನೂ ಜೋರಾಗಿ ಕೂಗ್ತಾನೆ.

ಈ 'ಇನ್ನೂ ಜೋರಾಗಿ' ಅನ್ನೋದಕ್ಕೂ ಒಂದು ಹೆಸರಿದೆ. ೧೯೧೧ರಲ್ಲಿ ಎತಿಯೆನ್ ಲೊಂಬಾರ್ಡ್ ಅನ್ನುವ ಫ್ರೆಂಚ್ ವೈದ್ಯ ಬರೆದಿಟ್ಟ ಸಂಗತಿ ಇದು. ಸುತ್ತಲೂ ಗದ್ದಲ ಇದ್ದಾಗ ಮನುಷ್ಯ ತನಗೇ ಗೊತ್ತಿಲ್ಲದ ಹಾಗೆ ದನಿ ಏರಿಸ್ತಾನೆ. ತನ್ನ ದನಿ ತನಗೆ ಕೇಳಿಸುವವರೆಗೂ ಏರಿಸ್ತಾನೇ ಹೋಗ್ತಾನೆ. ನಮ್ಮ ಜಾತ್ರೆ ನಾಟಕದ ಹುಡುಗರು ಮಾರನೇ ದಿನ ಚಹಾ ಕೇಳೋಕೂ ದನಿ ಇಲ್ಲದೆ ಕೈಸನ್ನೆ ಮಾಡೋದು ಯಾಕೆ ಅಂತ ಈಗ ತಿಳೀತಲ್ಲ?

ಇದು ನಮ್ಮ ಹಳ್ಳಿಯ ದಾರಿದ್ರ್ಯ ಅಂತ ಅಂದ್ಕೋಬೇಡಿ. ೧೯೬೫ರ ಆಗಸ್ಟ್ ೧೫ರಂದು ಬೀಟಲ್ಸ್ ತಂಡದವರು ನ್ಯೂಯಾರ್ಕಿನ ಶೇ ಸ್ಟೇಡಿಯಂನಲ್ಲಿ ೫೫ ಸಾವಿರ ಜನರ ಮುಂದೆ ಹಾಡಿದ್ರು. ಅವರಿಗಾಗಿ ೧೦೦ ವ್ಯಾಟಿನ ಹೊಸ ಆಂಪ್ಲಿಫೈಯರ್ ಬೇರೆ ಮಾಡಿಸಿದ್ರಂತೆ. ಜನರ ಕಿರುಚಾಟದಲ್ಲಿ ಅವರು ಹಾಡಿದ್ದು ಅವರಿಗೇ ಕೇಳಿಸ್ತಿರಲಿಲ್ಲ. ಡ್ರಮ್ಮಿನ ರಿಂಗೋ ಸ್ಟಾರ್, ಮುಂದಿದ್ದವರ ಮೈ ಕುಲುಕಾಟ ನೋಡಿ ಹಾಡು ಎಲ್ಲಿಗೆ ಬಂತು ಅಂತ ಅಂದಾಜು ಮಾಡ್ತಿದ್ದೆ ಅಂತ ಆಮೇಲೆ ಹೇಳಿಕೊಂಡಿದ್ದಾರೆ. ಮರುವರ್ಷ, ೧೯೬೬ರಲ್ಲಿ, ಆ ತಂಡ ಊರೂರು ತಿರುಗಿ ಹಾಡೋದನ್ನೇ ನಿಲ್ಲಿಸಿತು. ಕಾರಣ ಬೇರೆಯವೂ ಇದ್ದವು, ಇದೂ ಒಂದು.

ಬೀಟಲ್ಸ್‌ಗೆ ಆಗ ಈ ಸೌಕರ್ಯ ಇರಲಿಲ್ಲ ಅನ್ನಬಹುದು. ನಮ್ಮ ದೊಡ್ಡಪ್ಪನ ಮುಂದೆ ಅದು ಇತ್ತು. ಬೇರೆ ಕಡೆ ಮುಖ ಮಾಡಿ ಕೂತಿತ್ತು. ಅದೇ ನನ್ನ ಸಂಕಟ.

*

ನಮ್ಮ ಜಿಲ್ಲೆ ಅಂದ್ರೆ ದನಿಯ ಜಿಲ್ಲೆ ಕಣ್ರೀ. ೨೦೨೩ರ ಜನವರಿಯಲ್ಲಿ ಹಾವೇರಿಯಲ್ಲಿ ೮೬ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ಆಯ್ತಲ್ಲ, ಆಗ ಮುಖ್ಯ ವೇದಿಕೆಗೆ ಇಟ್ಟ ಹೆಸರು ನೋಡಿ: ಕನಕ, ಶರೀಫ, ಸರ್ವಜ್ಞ. ಮೂವರೂ ನಮ್ಮ ನೆಲದವರು. ಮೂವರದೂ ಬಾಯಿಂದ ಬಾಯಿಗೆ, ಕಿವಿಯಿಂದ ಕಿವಿಗೆ ಬಂದ ಮಾತು. ಪಂಚಾಕ್ಷರಿ ಗವಾಯಿಗಳು ಹಾನಗಲ್ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯವರು, ಪುಟ್ಟರಾಜ ಗವಾಯಿಗಳು ಅದೇ ತಾಲ್ಲೂಕಿನ ದೇವಗಿರಿಯವರು. ಇಬ್ಬರಿಗೂ ಕಣ್ಣಿರಲಿಲ್ಲ. ಲೋಕವನ್ನೆಲ್ಲ ಕಿವಿಯಿಂದಲೇ ಕಂಡು, ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಸಾವಿರಾರು ಮಕ್ಕಳಿಗೆ ಸಂಗೀತ ಕೊಟ್ಟವರು. ಹಾನಗಲ್ಲಿನ ಕಡೆಯೇ ಶೇಷಗಿರಿ ಅನ್ನುವ ಸಣ್ಣ ಹಳ್ಳಿ ಇದೆ, ನಾಟಕಕ್ಕೇ ಹೆಸರುವಾಸಿ. ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವೇ ಇದೆ.

ಇಂಥ ಜಿಲ್ಲೆಯಲ್ಲಿ ಹಾಡುವವನಿಗೆ ತನ್ನ ದನಿ ತನಗೆ ಕೇಳಿಸಲ್ಲ ಅಂದ್ರೆ!

ಹಳೆಯ ಕಂಪನಿ ನಾಟಕದವರು ಇದರ ಬಗ್ಗೆ ನಮಗಿಂತ ಜಾಸ್ತಿ ತಲೆ ಕೆಡಿಸಿಕೊಂಡಿದ್ರು ಅನ್ನಿಸುತ್ತೆ. ಸ್ಟೇಜಿನ ಮುಂಭಾಗದಲ್ಲಿ ಮೇಲಿಂದ ಮೈಕುಗಳನ್ನ ಇಳಿಬಿಟ್ಟಿರ್ತಿದ್ರು, ನೆನಪಿದೆಯಾ? ನಟರು ಮಾತಾಡುವ ಹೊತ್ತಿಗೆ ಸರಿಯಾಗಿ ಆ ಮೈಕಿನ ಕೆಳಗೆ ಬಂದು ನಿಲ್ತಿದ್ರು. ಮಾತು ಮುಗಿದ ಮೇಲೆ ಹಿಂದಕ್ಕೆ. ನಾವು ಹುಡುಗರು ಅದನ್ನ ಅಣಕಿಸಿ ನಗ್ತಿದ್ವಿ. ಈಗ ಯೋಚಿಸಿದ್ರೆ, ಅದೂ ಒಂದು ಶಿಸ್ತು. ಯಾರ ದನಿ ಯಾವಾಗ ಮುಂದೆ ಬರಬೇಕು ಅನ್ನೋದನ್ನ ಬೋರ್ಡಿನಲ್ಲಿ ಅಲ್ಲ, ಕಾಲಿನಲ್ಲಿ ನಿರ್ಧರಿಸ್ತಿದ್ರು.

ಇನ್ನು ದೇವರಗುಡ್ಡ. ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದ ಮಾಲತೇಶನ ಕಾರ್ಣಿಕ ನೋಡಿದವರಿಗೆ ಗೊತ್ತು. ದಸರಾ ಹೊತ್ತಿಗೆ ಸಾವಿರಾರು ಜನ, ಡೊಳ್ಳು, ಭಂಡಾರ, ಗದ್ದಲ. ಗೊರವಯ್ಯ ಬಿಲ್ಲು ಏರಿ 'ಸದ್ದಲೇ' ಅಂತಾನೆ. ಇಡೀ ಗುಡ್ಡ ಗಪ್‌ಚುಪ್. ಆಮೇಲೆ ಒಂದೇ ಒಂದು ಸಾಲು ನುಡೀತಾನೆ. ಆ ಒಂದು ಸಾಲು ಜನರ ಬಾಯಲ್ಲಿ ಜಿಲ್ಲೆ ತುಂಬಾ ಹರಡುತ್ತೆ. ಮೊದಲು ಮೌನ, ಆಮೇಲೆ ಮಾತು. ಬೇಡದ ಚಾನೆಲ್ಲು ಮುಚ್ಚೋದು ಅಂದ್ರೆ ಇದೇ ತಾನೆ? ಗೊರವಯ್ಯನಿಗೆ ಗೊತ್ತಿರೋದು ನಮಗೆ ಮರೆತುಹೋಗಿದೆ.

*

ಈಗ ಬೋರ್ಡಿನ ಹುಡುಗರ ಪರವಾಗಿ ಎರಡು ಮಾತು. ನಾನೂ ಆ ಬಳಗದವನೇ ಅಲ್ವಾ.

ತಪ್ಪು ಅವರದು ಮಾತ್ರ ಅಲ್ಲ. ನಾನು ಆ ಹುಡುಗನ್ನ "ಆಕ್ಸ್ ಯಾಕ ಹಾಕಿಲ್ಲಪಾ?" ಅಂತ ಕೇಳಿದ್ದಕ್ಕೆ ಅವನಂದ:

"ಅಣ್ಣಾರ, ಆಕ್ಸ್ ಯಾರ್ ಕೇಳ್ತಾರ್ರಿ? ಎಷ್ಟ್ ಬಾಕ್ಸ್ ತರ್ತಿ ಅಂತ ಅಷ್ಟ ಕೇಳ್ತಾರ. ಎಂಟು ಬಾಕ್ಸ್ ಅಂದ್ರ ಒಂದು ರೇಟು, ಹತ್ತು ಅಂದ್ರ ಒಂದು ರೇಟು. ನಾಲ್ಕ ಬಾಕ್ಸ್ ತಂದು ಚಲೋ ಮಾಡ್ತೀನಿ ಅಂದ್ರ ಕಮಿಟಿಯವ್ರು ಬ್ಯಾರೇದವ್ರನ್ನ ಕರೀತಾರ."

ನಿಜ. ಕಮಿಟಿಯವರಿಗೆ ಬೇಕಾಗಿರೋದು ಸದ್ದು ಬಸ್‌ಸ್ಟ್ಯಾಂಡ್ ತನಕ ಕೇಳಬೇಕು ಅನ್ನೋದು. ಆರೂವರೆ ಕಾರ್ಯಕ್ರಮಕ್ಕೆ ಆರು ಗಂಟೆಗೆ ಗಾಡಿ ಇಳಿಸೋಕೆ ಬಿಡ್ತಾರೆ. ಮೈಕು ಪರೀಕ್ಷೆ ಮಾಡೋ ಹೊತ್ತಿಗೆ ಗಣ್ಯರು ಬಂದಿರ್ತಾರೆ. ಮೇಳದವರು ಯಾರು, ಎಷ್ಟು ಜನ, ಏನು ವಾದ್ಯ ಅಂತ ಬೋರ್ಡಿನವನಿಗೆ ಯಾರೂ ಹೇಳಿರಲ್ಲ. ಕೊನೆಗೆ ಬಾಕಿ ದುಡ್ಡಿಗೆ ನಾಲ್ಕು ಸಲ ಅಲೆಸ್ತಾರೆ. ಇಷ್ಟರಲ್ಲಿ ಅವನು ಪ್ರೀ, ಪೋಸ್ಟ್ ಅಂತ ಯಾವಾಗ ಯೋಚಿಸಬೇಕು?

ಒಮ್ಮೆ ಹಾವೇರಿಯ ಒಂದು ಸಭೆಯಲ್ಲಿ ನಾಡಗೀತೆ ಹಾಕೋಕೆ ಯಾರದೋ ಮೊಬೈಲನ್ನ ಬೋರ್ಡಿಗೆ ಚುಚ್ಚಿದ್ರು. ನಾಡಗೀತೆ ಮುಗೀತು, ಚಾನೆಲ್ ಮುಚ್ಚೋದು ಮರೆತ್ರು. ಮುಖ್ಯ ಅತಿಥಿಗಳು ಮಾತಾಡ್ತಿರುವಾಗ ಆ ಮೊಬೈಲಿಗೆ ಫೋನ್ ಬಂತು. ಎಂಟು ಬಾಕ್ಸಿನಲ್ಲಿ ಒಂದು ಸಿನಿಮಾ ಹಾಡಿನ ರಿಂಗ್‌ಟೋನ್! ಎಲ್ಲರೂ ನಕ್ಕಿದ್ದೇ ನಕ್ಕಿದ್ದು. ಆಮೇಲೆ ಬೈಸಿಕೊಂಡವನು ಬೋರ್ಡಿನ ಹುಡುಗ. ಮೊಬೈಲು ಅವನದಾಗಿರಲಿಲ್ಲ ಪಾಪ.

"ಡಿಜಿಟಲ್ ಬೋರ್ಡ್ ಬಂದ್ರೆ ಎಲ್ಲಾ ಸರಿಹೋಗುತ್ತೆ" ಅನ್ನುವವರೂ ಇದ್ದಾರೆ. ಬಂದಿದೆಯಲ್ಲ. ೨೦೧೨ರಲ್ಲಿ ಬೆಹ್ರಿಂಗರ್ ಕಂಪನಿಯ ಎಕ್ಸ್ ೩೨ ಬಂದ ಮೇಲೆ, ಹಿಂದೆ ದೊಡ್ಡ ದೊಡ್ಡ ತಂಡಗಳಿಗೆ ಮಾತ್ರ ಎಟುಕುತ್ತಿದ್ದ ಸೌಕರ್ಯ ಸಣ್ಣವರಿಗೂ ಸಿಗೋ ಹಾಗಾಯ್ತು. ಅದರಲ್ಲಿ ಕವಲು ಒಂದೆರಡಲ್ಲ, ಹದಿನಾರು. ಅದರ ಮೇಲೆ ಆರು ಮ್ಯಾಟ್ರಿಕ್ಸ್. ಮ್ಯಾಟ್ರಿಕ್ಸ್ ಅಂದ್ರೆ ಕೂಡಿದ ಕಾಲುವೆಯಿಂದಲೇ ಮತ್ತೆ ಬೇರೆ ಬೇರೆ ದಿಕ್ಕಿಗೆ ಹರಿಸೋದು. ಉದಾಹರಣೆಗೆ ದೂರದಲ್ಲಿ ಕೂತವರಿಗೆ ಇಟ್ಟ ಬಾಕ್ಸಿಗೆ ಸ್ವಲ್ಪ ತಡಮಾಡಿ ಕಳಿಸೋದು. ಯಾಕೆ ತಡ? ವೈರಿನಲ್ಲಿ ದನಿ ಕಣ್ಣು ಮಿಟುಕಿಸೋದರೊಳಗೆ ಹೋಗುತ್ತೆ, ಗಾಳಿಯಲ್ಲಿ ಸೆಕೆಂಡಿಗೆ ಸುಮಾರು ೩೪೦ ಮೀಟರ್ ಮಾತ್ರ. ಎಪ್ಪತ್ತು ಮೀಟರ್ ದೂರದ ಕಂಬಕ್ಕೆ ಕಟ್ಟಿದ ಹಾರ್ನ್ ಹತ್ತಿರ ನಿಂತವನಿಗೆ ಅದೇ ಮಾತು ಎರಡು ಸಲ ಕೇಳಿಸುತ್ತೆ. ಮೊದಲು ಹಾರ್ನಿನಿಂದ, ಒಂದು ಸೆಕೆಂಡಿನ ಐದನೇ ಒಂದು ಭಾಗ ಬಿಟ್ಟು ಸ್ಟೇಜಿನಿಂದ. ಜಾತ್ರೆಯಲ್ಲಿ ಮಕ್ಕಳು ಕಳೆದುಹೋದ ಪ್ರಕಟಣೆ ಯಾರಿಗೂ ಅರ್ಥ ಆಗದೇ ಇರೋದಕ್ಕೆ ಇದೂ ಒಂದು ಕಾರಣ.

ಆದ್ರೆ ಉಪಕರಣ ಬಂದ ಮಾತ್ರಕ್ಕೆ ಏನೂ ಆಗಲ್ಲ. ಹಳೇ ಬೋರ್ಡಿನಲ್ಲಿ ಸೊನ್ನೆಯಲ್ಲಿದ್ದ ತಿರುಗಣೆ ಕಣ್ಣಿಗಾದ್ರೂ ಕಾಣ್ತಿತ್ತು. ಹೊಸದರಲ್ಲಿ ಅದು ಪರದೆಯ ಯಾವುದೋ ಪುಟದಲ್ಲಿ ಅಡಗಿರುತ್ತೆ. ನಿನ್ನೆ ರಾತ್ರಿಯ ಆರ್ಕೆಸ್ಟ್ರಾಕ್ಕೆ ಮಾಡಿಟ್ಟ ಹೊಂದಾಣಿಕೆಯಲ್ಲೇ ಇವತ್ತು ಭಜನೆ ನಡೆಯುತ್ತೆ. ಹದಿನಾರು ಕವಲಿದ್ದೂ ಹೊಲ ಒಣಗೋದು ಅಂದ್ರೆ ಇದು.

ಕಾನೂನಿನ ಮಾತೂ ಒಂದಿದೆ. ೨೦೦೦ದ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ ಹತ್ತರಿಂದ ಬೆಳಗ್ಗೆ ಆರರ ತನಕ ಬಯಲಿನಲ್ಲಿ ಧ್ವನಿವರ್ಧಕ ಹಾಕುವ ಹಾಗಿಲ್ಲ. ಹಬ್ಬ, ಸಾಂಸ್ಕೃತಿಕ ಕಾರ್ಯಕ್ರಮಗಳಿಗೆ ವರ್ಷಕ್ಕೆ ಹೆಚ್ಚೆಂದರೆ ೧೫ ದಿನ ರಾತ್ರಿ ಹನ್ನೆರಡರ ತನಕ ಸರ್ಕಾರ ಸಡಿಲಿಕೆ ಕೊಡಬಹುದು. ಅಹೋರಾತ್ರಿ ಭಜನೆ, ದೊಡ್ಡಾಟದವರಿಗೆ ಇದು ತೊಡಕೇ. ಆದ್ರೆ ಈ ಸಿಟ್ಟನ್ನ ನಾವೇ ತಂದುಕೊಂಡಿದ್ದು ಅನ್ನಿಸಲ್ವಾ? ಮೂರು ಊರಿಗೆ ಕೇಳಿಸೋ ಹಾಗೆ ಹಾಕಿ, ಪರೀಕ್ಷೆಗೆ ಓದುವ ಮಕ್ಕಳನ್ನೂ, ಮಲಗಿರೋ ರೋಗಿಗಳನ್ನೂ ಗೋಳು ಹುಯ್ದುಕೊಂಡ್ವಿ. ಎದುರಿಗೆ ಕೂತ ಇನ್ನೂರು ಜನಕ್ಕೆ ಮಾತ್ರ ಹದವಾಗಿ ಕೇಳಿಸಿದ್ರೆ ಸಾಕು ಅನ್ನೋ ಬುದ್ಧಿ ನಮಗೆ ಬರಲೇ ಇಲ್ಲ.

*

ಹಾಗಾದ್ರೆ ಏನು ಮಾಡಬೇಕು? ದೊಡ್ಡದೇನಿಲ್ಲ. ಕಾರ್ಯಕ್ರಮ ಮಾಡುವ ಕಮಿಟಿಯವರಲ್ಲಿ ನನ್ನ ಕೋರಿಕೆ ಇಷ್ಟು.

ಒಂದು, "ಎಷ್ಟು ಬಾಕ್ಸ್?" ಅಂತ ಕೇಳೋ ಬದಲು "ಹಾಡುವವರಿಗೆ ಮಾನಿಟರ್ ಕೊಡ್ತೀಯಾ?" ಅಂತ ಕೇಳಿ. ಆ ಒಂದು ಪ್ರಶ್ನೆಯಿಂದ ಅರ್ಧ ಕೆಲಸ ಆಗುತ್ತೆ.

ಎರಡು, ಕಾರ್ಯಕ್ರಮಕ್ಕೆ ಅರ್ಧ ಗಂಟೆ ಮೊದಲು ಸ್ಟೇಜನ್ನ ಮೇಳದವರಿಗೆ ಮತ್ತು ಬೋರ್ಡಿನವರಿಗೆ ಬಿಟ್ಟುಕೊಡಿ. ಹಾರ, ತುರಾಯಿ ಆಮೇಲೆ ತನ್ನಿ.

ಮೂರು, ಬೋರ್ಡನ್ನ ಸ್ಟೇಜಿನ ಪಕ್ಕದ ಪರದೆಯ ಹಿಂದೆ ಇಡಿಸಬೇಡಿ. ಜನರ ನಡುವೆ ಜಾಗ ಕೊಡಿ. ಜನ ಕೇಳೋದು ಅವನಿಗೂ ಕೇಳಬೇಕಲ್ಲ!

ನಾಲ್ಕು, ಮೇಳದವರಿಗೆ: ಬೋರ್ಡಿನ ಪಕ್ಕ ನಿಮ್ಮವರೊಬ್ಬರನ್ನ ಕೂಡಿಸಿ. ಯಾವಾಗ ಯಾರು ಹಾಡ್ತಾರೆ ಅಂತ ಅವನಿಗೆ ಕೈ ಮಾಡಿ ತೋರಿಸಲಿ.

ಐದು, ಬೋರ್ಡಿನ ತಮ್ಮಂದಿರಿಗೆ: ಒಂದು ಪಟ್ಟಿ ಟೇಪ್ ಅಂಟಿಸಿ ಯಾವ ಚಾನೆಲ್ ಯಾರದು ಅಂತ ಕನ್ನಡದಲ್ಲೇ ಬರೆದಿಡಿ. ಅಜ್ಜ, ಪೆಟ್ಟಿಗೆ, ದಮ್ಮಡಿ, ತಾಳ. ಹಾಡದವರ ಚಾನೆಲ್ ಮುಚ್ಚಿ. ಬೇರೆ ಆಂಪ್ಲಿಫೈಯರ್ ಇಲ್ಲ ಅನ್ನೋ ನೆಪ ಬೇಡ. ಊರ ಬಯಲಿಗೆ ಸ್ಟೀರಿಯೋ ಯಾಕೆ ಬೇಕು? ಎರಡು ಚಾನೆಲ್ಲಿನ ಆಂಪ್ಲಿಫೈಯರಿನ ಒಂದು ಕಡೆಯಿಂದ ಜನರಿಗೆ ಕಳಿಸಿ, ಇನ್ನೊಂದು ಕಡೆಗೆ ಆಕ್ಸ್ ಜೋಡಿಸಿ. ಖರ್ಚು ಒಂದು ವೈರು.

*

ಕೊನೆಗೆ ಏನಾಯ್ತು ಅಂತ ಹೇಳಿ ಮುಗಿಸ್ತೀನಿ.

ಈ ಸಲದ ಗಣಪತಿ ಹಬ್ಬಕ್ಕೆ ರಾಣೆಬೆನ್ನೂರಿನ ನಮ್ಮ ಅಕ್ಕನ ಓಣಿಯಲ್ಲಿ ಭಜನೆ ಇಟ್ಟಿದ್ರು. ದೊಡ್ಡಪ್ಪನನ್ನ ಕರೆದ್ರೆ ಬರಲ್ಲ ಅಂತ ಗೊತ್ತಿತ್ತು. "ಮೈಕ್ ಇರಂಗಿಲ್ರಿ, ಓಣ್ಯಾಗಿನ ಮಂದಿ ಅಷ್ಟ" ಅಂತ ಸುಳ್ಳು ಹೇಳಿ ಕರ್ಕೊಂಡು ಬಂದೆ. ಪೆಂಡಾಲಿನಲ್ಲಿ ಬಾಕ್ಸ್ ನೋಡಿದ್ದೇ ತಡ, ನನ್ನ ಕಡೆ ಹೆಂಗೆ ನೋಡಿದ್ರು ಅಂದ್ರೆ... ಬಿಡಿ.

ನಾನು ಮಧ್ಯಾಹ್ನವೇ ಹೋಗಿ ಬೋರ್ಡಿನ ಹುಡುಗನಿಗೆ ಚಹಾ, ಮಿರ್ಚಿ ಕೊಡಿಸಿ ಗೆಳೆತನ ಮಾಡಿಕೊಂಡಿದ್ದೆ. ನಾಲ್ಕು ಬಾಕ್ಸಿನಲ್ಲಿ ಒಂದನ್ನ ತೆಗೆದು ದೊಡ್ಡಪ್ಪನ ಮುಂದೆ, ಮೈಕಿನ ಬೆನ್ನಿಗೆ ಸರಿಯಾಗಿ, ಅವರ ಕಡೆ ಮುಖ ಮಾಡಿ ಇಟ್ವಿ. (ಹಾಡೋ ಮೈಕಿಗೆ ಬೆನ್ನಿನ ಕಡೆಯಿಂದ ಬರೋ ಸದ್ದು ಕಡಿಮೆ ಕೇಳಿಸುತ್ತೆ, ಅದಕ್ಕೇ ಆ ಜಾಗ.) ಆಕ್ಸಿನಿಂದ ಒಂದು ವೈರು. ಅವರ ದನಿ ಮುಕ್ಕಾಲು, ಪೆಟ್ಟಿಗೆ ಕಾಲು. "ಅಣ್ಣಾರ, ಮೂರ ಬಾಕ್ಸ್ ಆದ್ವು, ಕಮಿಟಿಯವ್ರು ಬೈತಾರ" ಅಂದ ಹುಡುಗ. ಬೈದ್ರೆ ನನ್ನ ಹೆಸರು ಹೇಳು ಅಂದೆ.

ದೊಡ್ಡಪ್ಪ ಒಲ್ಲದ ಮನಸ್ಸಿನಿಂದ ಕೂತ್ರು. ಒಂದು ಸಲ ಏಕತಾರಿ ಮೀಟಿದ್ರು. ಸುಮ್ಮನೆ 'ಹೂಂ' ಅಂತ ಒಂದು ಎಳೆ ಎಳೆದ್ರು. ಎದುರಿನ ಬಾಕ್ಸನ್ನ ಒಮ್ಮೆ ನೋಡಿದ್ರು. ಆಮೇಲೆ ಕಣ್ಣು ಮುಚ್ಚಿದ್ರು.

ಒಂದೂವರೆ ಗಂಟೆ ಹಾಡಿದ್ರು. ಎಲ್ಲೂ ಕೂಗಲಿಲ್ಲ. ಪೆಂಡಾಲಿನ ಹಿಂದಿನ ಸಾಲಿನಲ್ಲಿ ನಮ್ಮ ಅಕ್ಕ ಕೂತಿದ್ಲು, ಒಂದೊಂದು ಅಕ್ಷರ ಕೇಳ್ತು ಅಂದಳು. ಬಾಕ್ಸ್ ಕಡಿಮೆ ಆಯ್ತು ಅಂತ ಯಾರೂ ಕೇಳಲಿಲ್ಲ, ಕಮಿಟಿಯವರೂ ಕೂಡ.

ಮುಗಿದ ಮೇಲೆ ದೊಡ್ಡಪ್ಪ ನನ್ನ ಕರೆದ್ರು. ಏನೋ ಮೆಚ್ಚುಗೆ ಬರುತ್ತೆ ಅಂತ ಹಲ್ಲು ಕಿರೀತಾ ಹೋದೆ.

"ಆ ಹುಡುಗಗ ಹೇಳು... ಮುಂದಿನ ಸಲ ನನ್ನ ಡಬ್ಬ್ಯಾಗ ಪೆಟಗಿ ಇನ್ನ ಒಂದ್ ಚೂರು ಕ‌ಡಿಮಿ ಮಾಡು ಅನ್ನು. ಅಂವಾ ತಪ್ಪು ಬಾರಿಸಿದ್ದೆಲ್ಲಾ ನಂಗ ಕೇಳಸ್ತೈತಿ!"

ಮುಂದಿನ ಸಲ ಅಂದ್ರು. ನನಗೆ ಅಷ್ಟು ಸಾಕಾಗಿತ್ತು :-)

ನಿಮ್ಮ ಊರಿನ ಜಾತ್ರೆ, ಗಣಪತಿ, ನಾಟಕಗಳಲ್ಲಿ ಹೆಂಗೆ? ಹಾಡುವವರ ಎದುರಿಗೆ ಒಂದು ಬಾಕ್ಸ್ ಇರುತ್ತಾ? ಮುಂದಿನ ಸಲ ಹೋದಾಗ ಸುಮ್ಮನೆ ಒಮ್ಮೆ ನೋಡಿ. ಇಲ್ಲದಿದ್ರೆ ಕೇಳಿ. ಕೇಳುವವರು ಇಲ್ಲ ಅಂತಾನೇ ಅವು ಬೇರೆ ಕಡೆ ಮುಖ ಮಾಡಿ ಕೂತಿರೋದು.